ಕಡಲು ದಾಟುವ ಕಲ್ಲು

(ಬಸದಿಯ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಏರ್ಪಟ್ಟ ಸಭೆಯಲ್ಲಿ ನೀಡಿದ ಉಪನ್ಯಾಸ)

 

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ನಿಂತು ನೋಡಿದರೂ ಕಲ್ಲು ಕಾಣುತ್ತದೆ. ಕಡಲು ಮಾತ್ರ ಎಲ್ಲಿಂದಲೂ ಕಾಣದು. ಇಂಥ ಸೀಮೆಯ ಜನರ ಮುಂದೆ ಕಟ್ಟಡದ ಸಾಮಗ್ರಿಗಳ ಸಮುದ್ರಯಾನವನ್ನು ಪ್ರಸ್ತಾಪಿಸುವುದು ಮೊದಲ ನೋಟಕ್ಕೆ ಅಸಂಗತವೆನಿಸಬಹುದು. ಆದರೆ ಬಸದಿಯೊಂದು ಪೂರ್ಣಗೊಂಡ ಸಂದರ್ಭದಲ್ಲಿ ಅದರ ಶಿಲೆ ಎಲ್ಲಿಂದ ಬಂತು, ಹೇಗೆ ಬಂತು ಎಂದು ಕೇಳುವುದು ಸಹಜ. ಪರದೇಶಗಳಲ್ಲಿ ನೆಲೆಸಿದ ಬಂಧುಗಳು ಅಲ್ಲಿಯೂ ಜಿನಮಂದಿರಗಳನ್ನು ಕಟ್ಟಿಸುತ್ತಿರುವ ಈ ಕಾಲದಲ್ಲಿ ಆ ಪ್ರಶ್ನೆಯೊಳಗೆ ಹಡಗೂ ಸೇರಿಕೊಂಡಿದೆ.

ಈ ನೆಲಕ್ಕೂ ಕಡಲಿಗೂ ಸಂಬಂಧವೇ ಇಲ್ಲವೆನ್ನುವುದೂ ಪೂರ್ಣ ಸತ್ಯವಲ್ಲ. ಹಿರಿಯೂರು ತಾಲ್ಲೂಕಿನ ಐಮಂಗಲದ ಸಮೀಪದಲ್ಲಿ ಮರಡಿಹಳ್ಳಿ ಎಂಬ ಗ್ರಾಮವುಂಟು. ಅಲ್ಲಿಯ ಬಂಡೆಗಳು ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುತ್ತವೆ. ಕುದಿಯುವ ಲಾವಾರಸವು ನೀರಿನೊಳಗೆ ಉಕ್ಕಿ, ಅದರ ಹೊರಮೈ ಥಟ್ಟನೆ ತಣಿದಾಗ ಮಾತ್ರ ಶಿಲೆಗೆ ಇಂತಹ ಆಕಾರ ಬರುತ್ತದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು 1976ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. ಎಂದರೆ ಇಂದು ಕಡಲನ್ನೇ ಕಾಣದ ಹಿರಿಯೂರಿನ ಆ ಬಂಡೆ ಹುಟ್ಟಿದ್ದೇ ನೀರಿನ ಅಡಿಯಲ್ಲಿ. ಇನ್ನು ಮನುಷ್ಯರ ಕಾಲಕ್ಕೆ ಬಂದರೆ, ಚಿತ್ರದುರ್ಗದ ಬೆಟ್ಟಗಳ ಮಗ್ಗುಲಿನ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ ಇವರ ಬೆಳ್ಳಿ ನಾಣ್ಯಗಳು ದೊರೆತಿವೆ. ಎರಡು ಸಾವಿರ ವರ್ಷಗಳ ಹಿಂದೆಯೇ ಕಡಲ ವ್ಯಾಪಾರದ ಒಂದು ಎಳೆ ಘಟ್ಟವನ್ನು ಹತ್ತಿ ಈ ಕಲ್ಲುಗಳ ನಡುವೆ ಬಂದು ತಲಪಿತ್ತು. ಮೂರನೆಯ ಮಂಗರಸನ ಶ್ರೀಪಾಲಚರಿತೆಯನ್ನು ಕೇಳಿ ಬೆಳೆದ ಮನೆಗಳಿಗೆ ಹಡಗಿನ ವರ್ತಕನ ಕಥೆ ಹೊಸದೂ ಅಲ್ಲ.

ಕಟ್ಟಡದ ಸಾಮಗ್ರಿ ಹಡಗು ಹತ್ತಿದ ಪ್ರಸಂಗಗಳು ಕರ್ನಾಟಕದಲ್ಲಿ ಹಲವು. ಅವುಗಳಲ್ಲಿ ಕೆಲವು ಒಳಮುಖವಾದವು. 1897ರ ಬೆಂಕಿಯಲ್ಲಿ ಹಳೆಯ ಅರಮನೆ ಸುಟ್ಟುಹೋದ ತರುವಾಯ ಮೈಸೂರಿನಲ್ಲಿ ಕಟ್ಟಿದ, 1912ರಲ್ಲಿ ಮುಗಿದ ಅರಮನೆಯ ಕಲ್ಯಾಣಮಂಟಪದಲ್ಲಿ ನಿಂತಿರುವ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಎರಕ ಹೊಯ್ದವು. ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯ ಕಬ್ಬಿಣವೂ ಅಲ್ಲಿಯದೇ. ಹೊರಮುಖವಾಗಿ ಹೋದದ್ದರಲ್ಲಿ ಪ್ರಸಿದ್ಧವಾದದ್ದು ಮಂಗಳೂರು ಹಂಚು. ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿಯ ದಡದ ಜೇಡಿಮಣ್ಣು ಹಂಚಾಗಿ ಏಡನ್ನಿಗೆ, ಪೂರ್ವ ಆಫ್ರಿಕಕ್ಕೆ, ಬರ್ಮಾಕ್ಕೆ ಹೋಯಿತು. ಹಳೆಯ ಬಂದರಿನಲ್ಲಿ ದೊಡ್ಡ ಹಡಗುಗಳು ದಡಕ್ಕೆ ಬರಲಾರದೆ ಹೊರಗಡಲಿನಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದುವು; ಸಾಮಾನೆಲ್ಲ ದೋಣಿಗಳಲ್ಲಿ ಅಲ್ಲಿಗೆ ಸಾಗಬೇಕಾಗಿತ್ತು. ಪಣಂಬೂರಿನ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾದ ಮೇಲೆಯೇ ಆ ಪಾಡು ತಪ್ಪಿದ್ದು.

ಹಂಚಾಗಲಿ, ಕಂಬವಾಗಲಿ, ಇವೆಲ್ಲವೂ ಕೈಕೆಲಸ ಮುಗಿದ ಮೇಲೆ ಪ್ರಯಾಣ ಬೆಳೆಸಿದ ವಸ್ತುಗಳು. ಆಲಯಗಳ ವಿಷಯದಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ 1988ರಲ್ಲಿ ಪ್ರತಿಷ್ಠೆಗೊಂಡ ಜೈನ ಕೇಂದ್ರವು ಹಿಂದೆ ಕ್ರೈಸ್ತರ ಪ್ರಾರ್ಥನಾಮಂದಿರವಾಗಿದ್ದ ಕಟ್ಟಡ. ಅದರ ಒಳಗಿನ ಕೆತ್ತನೆ ಜೈಸಲ್ಮೇರಿನ ಹಳದಿ ಕಲ್ಲಿನದು. ಬೆಲ್ಜಿಯಂ ದೇಶದ ಆಂಟ್‌ವರ್ಪಿನ ಜಿನಾಲಯದ ಅಮೃತಶಿಲೆಯನ್ನು ರಾಜಸ್ಥಾನದಲ್ಲಿ ಕೆತ್ತಿ, ಹಡಗಿನಲ್ಲಿ ಕಳುಹಿಸಿ, ಅಲ್ಲಿ ಜೋಡಿಸಿದರು. ಕರ್ನಾಟಕದಿಂದಲೇ ಹೋದ ನಿದರ್ಶನ ಬೇಕಾದರೆ ಹವಾಯಿ ದ್ವೀಪಸಮೂಹದ ಕೌವಾಯಿಯಲ್ಲಿರುವ ಇರೈವನ್ ಶಿವಾಲಯವನ್ನು ನೋಡಬೇಕು. ಸ್ಥಪತಿ ವಿ. ಗಣಪತಿಯವರ ಯೋಜನೆಯಂತೆ 1990ರಲ್ಲಿ ಬೆಂಗಳೂರಿನ ಸಮೀಪ ಶಿಲ್ಪಿಗಳ ಒಂದು ಊರನ್ನೇ ನೆಲೆಗೊಳಿಸಿ, ಉಳಿ ಸುತ್ತಿಗೆಗಳಿಂದಲೇ ಬಿಳಿಯ ಗ್ರಾನೈಟನ್ನು ಕೆತ್ತಿ, ಬಿಡಿಭಾಗಗಳನ್ನು ಕಂಟೈನರುಗಳಲ್ಲಿ ಕಳುಹಿಸಲಾಯಿತು. ಪ್ರತಿಷ್ಠೆ ನೆರವೇರಿದ್ದು 2023ರ ಮಾರ್ಚಿಯಲ್ಲಿ. ನಡುವೆ ಕಳೆದದ್ದು 33 ವರ್ಷ!

ಇವೆಲ್ಲಕ್ಕಿಂತ ವಿಚಿತ್ರವಾದದ್ದು ಲಂಡನ್ನಿನ ನೀಸ್ಡನ್ನಿನಲ್ಲಿ 1995ರಲ್ಲಿ ತೆರೆದ ಸ್ವಾಮಿನಾರಾಯಣ ಮಂದಿರದ ಕಥೆ. ಅದಕ್ಕೆ ಬೇಕಾದ 2,828 ಟನ್ ಸುಣ್ಣಶಿಲೆ ಬಲ್ಗೇರಿಯದ್ದು, 2,000 ಟನ್ ಅಮೃತಶಿಲೆ ಇಟಲಿಯದ್ದು. ಎರಡೂ ಯುರೋಪಿನ ಕಲ್ಲುಗಳೇ. ಕಟ್ಟುವ ಸ್ಥಳವೂ ಯುರೋಪೇ. ಆದರೂ ಅಷ್ಟು ಭಾರವನ್ನು ಹಡಗಿನಲ್ಲಿ ಭಾರತಕ್ಕೆ ತಂದು, ಇಲ್ಲಿ ಕೆತ್ತಿಸಿ, 26,300 ತುಂಡುಗಳಾಗಿ ಮತ್ತೆ ಲಂಡನ್ನಿಗೆ ಒಯ್ದರು. ಲೆಕ್ಕ ಬಲ್ಲ ವರ್ತಕರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಡಗಿನ ಬಾಡಿಗೆ ಅಗ್ಗ, ಕೈ ದುಬಾರಿ. ಕಲ್ಲು ಎಲ್ಲಿಯೂ ಸಿಕ್ಕೀತು, ಕೆತ್ತುವ ಕೈ ಎಲ್ಲಿಯೂ ಸಿಕ್ಕದು.

ಈ ಲೆಕ್ಕದ ಮುಂದೆ ಚಿತ್ರದುರ್ಗ ಜಿಲ್ಲೆಯು ಕಡಲಿಗೆ ಕಳುಹಿಸಿದ್ದೇನು ಎಂಬುದನ್ನು ಇಟ್ಟು ನೋಡಬೇಕು. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ಗುಡ್ಡಗಳಿಂದ ಕಬ್ಬಿಣದ ಅದಿರು ಲಾರಿಗಳಲ್ಲಿಯೂ ರೈಲಿನಲ್ಲಿಯೂ ಇಳಿದು ಹೋಯಿತು. ಬಹುಪಾಲು ದೂರದ ಚೀನಾದಲ್ಲಿ ಉಕ್ಕಾಗಿ, ಅಲ್ಲಿಯ ಮಹಡಿಗಳ ಮೂಳೆಯಾಯಿತು. ರಸ್ತೆಯ ಇಕ್ಕೆಲದ ಅಡಕೆ ತೆಂಗುಗಳ ಗರಿಗಳ ಮೇಲೆ ಕೂತ ಕೆಂಪು ಧೂಳು ಮಾತ್ರ ಇಲ್ಲಿಯೇ ಉಳಿಯಿತು. 2010ರ ಜುಲೈಯಲ್ಲಿ ರಾಜ್ಯ ಸರಕಾರವು ಬಂದರುಗಳಿಂದ ಅದಿರಿನ ರಫ್ತನ್ನು ತಡೆಯಿತು. 2011ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಬೆನ್ನಿಗೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೂ ನಿಲ್ಲಿಸಿತು. ತರುವಾಯ ಮಿತಿಗಳೊಡನೆ ಗಣಿಗಳು ತೆರೆದುವು. 2022ರ ಮೇ ತಿಂಗಳಲ್ಲಿ ರಫ್ತಿಗೂ ಅನುಮತಿ ದೊರೆಯಿತು. ಗಣಿ ನಿಂತಾಗ ಕೂಲಿಯ ಸಂಸಾರಗಳು ಪಟ್ಟ ಪಾಡನ್ನೂ, ಗಣಿ ನಡೆದಾಗ ತೋಟದವರು ಪಟ್ಟ ಪಾಡನ್ನೂ ಈ ತಾಲ್ಲೂಕುಗಳವರು ಎರಡೂ ಕಣ್ಣಿನಿಂದ ಕಂಡಿದ್ದಾರೆ. ಅದಿರಿಗೆ ಇಲ್ಲಿಯ ಕೈ ತಗಲಿದ್ದು ಅಗೆಯುವಾಗ ಮತ್ತು ತುಂಬುವಾಗ ಮಾತ್ರ. ಕಟ್ಟಡದ ಕಲ್ಲಿನ ವಿಷಯದಲ್ಲಿಯೂ ಹಾಗೆಯೇ ಆಗಬೇಕೆಂಬ ನಿಯಮವಿಲ್ಲ. ಒರಟು ಚೌಕಲ್ಲನ್ನು ಕಳುಹಿಸುವವನು ಮುಂದೆ ಶಿಲ್ಪಿಯು ಚಕ್ಕೆ ಚಕ್ಕೆಯಾಗಿ ತೆಗೆದೊಗೆಯುವ ಭಾಗಕ್ಕೂ ಸೇರಿಸಿ ಹಡಗಿನ ಬಾಡಿಗೆ ತೆರುತ್ತಾನೆ; ಇಲ್ಲಿಯೇ ಕೆತ್ತಿದರೆ ತೂಕ ಇಳಿಯುತ್ತದೆ, ಕೂಲಿ ಇಲ್ಲಿ ಉಳಿಯುತ್ತದೆ.

ಆದರೆ ಕೆತ್ತಿದ ಕಲ್ಲನ್ನು ಕಳುಹಿಸುವುದು ಒರಟು ಕಲ್ಲನ್ನು ಕಳುಹಿಸಿದಷ್ಟು ಸುಲಭವಲ್ಲ. ಒಡೆದ ಕಂಬಕ್ಕೆ ಬೆಸುಗೆ ಹಾಕಬಹುದು, ಮುಕ್ಕಾದ ಮೆಟ್ಟಿಲನ್ನು ತಿರುಗಿಸಿ ಕೂರಿಸಬಹುದು. ಬಿಂಬದ ಬೆರಳೊಂದು ಮುರಿದರೆ ಏನು ಗತಿ? ಖಂಡಿತ ಬಿಂಬವನ್ನು ಪ್ರತಿಷ್ಠಾಪಿಸುವಂತಿಲ್ಲ. ಆದುದರಿಂದ ಜೈನರ ಪಾಲಿಗೆ ಈ ಸಾಗಣೆಯ ವಿದ್ಯೆಯು ವ್ಯಾಪಾರಕ್ಕೆ ಮಾತ್ರ ಸೇರಿದ್ದಲ್ಲ. ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ ಬಾಹುಬಲಿಯು 1973ರಲ್ಲಿ ಧರ್ಮಸ್ಥಳಕ್ಕೆ ಸಾಗಿದ್ದನ್ನು ಕಣ್ಣಾರೆ ಕಂಡವರು ಇಂದಿಗೂ ಅದನ್ನು ಬಣ್ಣಿಸುವುದುಂಟು. ಸುಮಾರು 175 ಟನ್ ತೂಕದ ಏಕಶಿಲೆ, ನೆಲದ ಮೇಲೆ, ಹೆಜ್ಜೆ ಹೆಜ್ಜೆಗೆ ಕಾವಲಿನಲ್ಲಿ ಹೋಯಿತು. ಕಡಲಿನಲ್ಲಿ ಆ ಕಾವಲು ಇಲ್ಲ. ಮುಚ್ಚಿದ ಪೆಟ್ಟಿಗೆಯನ್ನು ತೆರೆಯುವವರೆಗೆ ಒಳಗೇನಾಯಿತೆಂದು ಯಾರಿಗೂ ತಿಳಿಯದು.

ತೂಕದಿಂದಲೇ ಆರಂಭಿಸಬಹುದು. ಗ್ರಾನೈಟಿನ ಒಂದು ಘನ ಅಡಿ ಸುಮಾರು 76 ಕಿಲೋ ತೂಗುತ್ತದೆ. ಆರು ಅಡಿ ಎತ್ತರ, ಎರಡೂವರೆ ಅಡಿ ಅಗಲ, ಎರಡು ಅಡಿ ದಪ್ಪದ ಶಿಲೆ 2,300 ಕಿಲೋ ಆಗುತ್ತದೆ. ಇಪ್ಪತ್ತು ಅಡಿಯ ಕಂಟೈನರಿನ ಒಳಗೆ ಸುಮಾರು 33 ಘನ ಮೀಟರ್ ಸ್ಥಳವಿದ್ದರೂ ಅದು ಹೊರಬಲ್ಲ ತೂಕಕ್ಕೆ 10 ಘನ ಮೀಟರ್ ಗ್ರಾನೈಟ್ ಸಾಕು. ಮೂರರಲ್ಲಿ ಎರಡು ಪಾಲು ಬರಿಯ ಗಾಳಿ. ಹಣ ತೆತ್ತ ಸ್ಥಳವೆಂದು ಆ ಗಾಳಿಯ ಜಾಗವನ್ನೂ ತುಂಬುವ ಆಸೆ ಹುಟ್ಟುವುದು ಮನುಷ್ಯ ಸಹಜ. ಹಾಗೆ ತುಂಬಿದ ಪೆಟ್ಟಿಗೆ ಕ್ರೇನಿಗೂ ರಸ್ತೆಗೂ ಅಪಾಯ. 2016ರ ಜುಲೈ 1ರಿಂದ ಜಗತ್ತಿನ ಯಾವ ಬಂದರಿನಲ್ಲಿಯೂ ತೂಕವನ್ನು ಪ್ರಮಾಣೀಕರಿಸದ ಕಂಟೈನರನ್ನು ಹಡಗಿಗೆ ಏರಿಸುವಂತಿಲ್ಲ. ಉಳಿದ ಖಾಲಿ ಸ್ಥಳದಲ್ಲಿ ಕಲ್ಲು ಜಾರದಂತೆ ಅಡ್ಡಕಟ್ಟು ಕಟ್ಟಬೇಕು. ಹಡಗು ಬಿರುಗಾಳಿಯಲ್ಲಿ ಮೂವತ್ತು ಅಂಶದವರೆಗೂ ಹೊರಳಬಲ್ಲದು. ನೆಲದ ಮೇಲೆ ಅಲುಗದೆ ಕೂತ ಎರಡು ಟನ್ನಿನ ಕಲ್ಲು ಆಗ ಪೆಟ್ಟಿಗೆಯ ಗೋಡೆಯನ್ನು ಗುದ್ದುತ್ತದೆ.

ಚಪ್ಪಡಿಯನ್ನು ಮಲಗಿಸಿ ಕಳುಹಿಸಬಾರದು, ಅಂಚಿನ ಮೇಲೆ ನಿಲ್ಲಿಸಿ ಕಳುಹಿಸಬೇಕು. ಕಲ್ಲು ಒತ್ತಡವನ್ನು ತಾಳುತ್ತದೆ, ಬಾಗುವುದನ್ನು ತಾಳದು. ಉದ್ದನೆಯ ಕಂಬವನ್ನು ಮಾತ್ರ ಮಲಗಿಸದೆ ಗತ್ಯಂತರವಿಲ್ಲ. ಆಗ ಎರಡು ತುದಿಗಳಿಂದಲೂ ಉದ್ದದ ಐದನೆಯ ಒಂದು ಭಾಗ ಒಳಗೆ ಒಂದೊಂದು ದಿಮ್ಮಿ ಇಟ್ಟರೆ ಬಾಗುವಿಕೆ ಅತ್ಯಲ್ಪವಾಗುತ್ತದೆ. ದಿಮ್ಮಿ ಎರಡೇ ಇರಬೇಕು. ಇಟಲಿಯ ವಿಜ್ಞಾನಿ ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಈ ಬಗ್ಗೆ ಸೊಗಸಾದ ಪ್ರಸಂಗವಿದೆ. ಅಮೃತಶಿಲೆಯ ದೊಡ್ಡ ಕಂಬವೊಂದನ್ನು ಎರಡು ದಿಮ್ಮಿಗಳ ಮೇಲೆ ಮಲಗಿಸಿದ್ದರಂತೆ. ಜಾಣನೊಬ್ಬನು ನಡುವೆ ಮುರಿದೀತೆಂದು ಹೆದರಿ ಮಧ್ಯದಲ್ಲಿ ಮೂರನೆಯ ಆಸರೆಯನ್ನು ಇಡಿಸಿದನು. ಎಲ್ಲರೂ ಮೆಚ್ಚಿದರು. ಕೆಲವು ತಿಂಗಳಲ್ಲಿ ಕಂಬವು ಸರಿಯಾಗಿ ಆ ಹೊಸ ಆಸರೆಯ ಮೇಲೆಯೇ ಬಿರುಕು ಬಿಟ್ಟಿತು. ತುದಿಯ ದಿಮ್ಮಿಯೊಂದು ಲಡ್ಡಾಗಿ ಕುಸಿದಿತ್ತು, ನಡುವಿನದು ಗಟ್ಟಿಯಾಗಿತ್ತು, ಕಂಬದ ಒಂದು ಅರ್ಧಕ್ಕೆ ಆಧಾರವೇ ತಪ್ಪಿ ಅದು ತನ್ನ ಭಾರಕ್ಕೆ ತಾನೇ ಮುರಿಯಿತು. ಭಯದಿಂದ ಸೇರಿಸಿದ ಹೆಚ್ಚಿನ ಆಸರೆಯೇ ಕಂಬಕ್ಕೆ ಮುಳುವಾಯಿತು. ಕಲ್ಲು ಕಟ್ಟುವವರಲ್ಲಿ ಅನೇಕರು ಇಂದಿಗೂ ಆ ಮೂರನೆಯ ದಿಮ್ಮಿಯನ್ನು ಇಡುತ್ತಾರೆ.

ಇನ್ನು ಕಲೆಗಳ ಕಾಟ. ಹಗಲಿನ ಬಿಸಿಲಿಗೆ ಕಾದು ರಾತ್ರಿ ತಣಿಯುವ ಕಂಟೈನರಿನ ಒಳಮೈ ಬೆವರುತ್ತದೆ. ಆ ಹನಿ ಉಕ್ಕಿನ ಪಟ್ಟಿಯ ಮೇಲೆ ಬಿದ್ದು ಕಲ್ಲಿಗೆ ಹರಿದರೆ ತುಕ್ಕಿನ ಗೆರೆ ಮೂಡುತ್ತದೆ. ಹಸಿಮರದ ಹಲಗೆ ತಗಲಿದಲ್ಲಿ ಕಂದು ಬಣ್ಣ ಇಳಿಯುತ್ತದೆ. ಬಿಳಿಯ ಶಿಲೆಗೆ ಇವೆರಡೂ ಮಾಯದ ಕಲೆ.

ಮರದ ಮಾತು ಬಂದಿತಾದ್ದರಿಂದ, ಸಾಮಾನ್ಯ ವರ್ತಕನು ಗಮನಿಸದೆ ಬಿಡಬಹುದಾದ, ಶ್ರಾವಕನು ಗಮನಿಸಲೇಬೇಕಾದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಕಲ್ಲಿನ ಸುತ್ತ ಕಟ್ಟುವ ಮರದ ಚೌಕಟ್ಟಿನಲ್ಲಿ ಕೀಟಗಳ ಮೊಟ್ಟೆಮರಿಗಳು ಅಡಗಿರುತ್ತವೆ. ಅವು ದೇಶಾಂತರಕ್ಕೆ ಹೋಗಿ ಅಲ್ಲಿಯ ಕಾಡನ್ನು ತಿಂದುಹಾಕಿದ್ದುಂಟು. ಏಷ್ಯದ ಉದ್ದಮೀಸೆಯ ದುಂಬಿಯೊಂದು ಮರದ ಪೆಟ್ಟಿಗೆಗಳಲ್ಲಿ ಅಮೆರಿಕಕ್ಕೆ ಸೇರಿ 1996ರಲ್ಲಿ ನ್ಯೂಯಾರ್ಕಿನ ಮರಗಳಲ್ಲಿ ಪತ್ತೆಯಾಯಿತು. ಅದನ್ನು ತಡೆಯಲು 2002ರಲ್ಲಿ ಅಂತರರಾಷ್ಟ್ರೀಯ ನಿಯಮವೊಂದು ಬಂದಿತು. ಕಟ್ಟುವ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸತತವಾಗಿ 30 ನಿಮಿಷ ಇರಬೇಕು, ಇಲ್ಲವೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲವನ್ನು ಹಾಯಿಸಬೇಕು. ತೆನೆಯ ಚಿಹ್ನೆಯ ಮುದ್ರೆಯನ್ನು ಒತ್ತಬೇಕು. ನಿಯಮದ ಉದ್ದೇಶ ಕಾಡಿನ ರಕ್ಷಣೆ, ಅದನ್ನು ಆಕ್ಷೇಪಿಸುವಂತಿಲ್ಲ. ಆದರೆ ಜಿನಬಿಂಬವು ಹೋಗುವ ಪೆಟ್ಟಿಗೆಗಾಗಿ ಅಸಂಖ್ಯ ತ್ರಸಜೀವಿಗಳು ಬೆಂದು ಸಾಯುವುದೆಂದರೆ ಹೇಗೆ?

ಅದೇ ನಿಯಮದಲ್ಲಿ ದಾರಿಯೂ ಇದೆ. ಪ್ಲೈವುಡ್ಡಿನಂತಹ ಸಂಸ್ಕರಿಸಿದ ಹಲಗೆಗೂ, ಆರು ಮಿಲಿಮೀಟರಿಗಿಂತ ದಪ್ಪವಿಲ್ಲದ ಮರಕ್ಕೂ ಈ ಉಪಚಾರ ಬೇಕಿಲ್ಲ. ಉಕ್ಕಿಗಂತೂ ಇಲ್ಲವೇ ಇಲ್ಲ. ಪ್ಲೈವುಡ್ಡನ್ನು ಮಾಡುವಾಗಲೂ ಶಾಖ ಉಂಟೆಂದು ಸೂಕ್ಷ್ಮವಾಗಿ ವಿಚಾರಿಸುವವರು ಉಕ್ಕನ್ನೇ ಆರಿಸಿಕೊಳ್ಳಬಹುದು. ಬಣ್ಣ ಬಳಿದ ಉಕ್ಕಿನ ಚೌಕಟ್ಟು, ಕಲ್ಲು ತಗಲುವೆಡೆಯಲ್ಲಿ ರಬ್ಬರಿನ ಮೆತ್ತೆ: ಖರ್ಚು ಸ್ವಲ್ಪ ಹೆಚ್ಚು, ತುಕ್ಕಿನ ಭಯವೂ ಇಲ್ಲ, ಮರದ ಕಲೆಯೂ ಇಲ್ಲ. ಆದೇಶಪತ್ರದಲ್ಲಿ ಇದನ್ನು ಮೊದಲೇ ಬರೆಯದಿದ್ದರೆ ಕಟ್ಟುವವನು ಅಗ್ಗದ ಮರವನ್ನೇ ತರುತ್ತಾನೆ.

ಹಿಂಸೆಯ ಲೆಕ್ಕವನ್ನು ಪೆಟ್ಟಿಗೆಯಲ್ಲಿ ಆರಂಭಿಸಿದ ಮೇಲೆ ಕಲ್ಲುಗಣಿಯವರೆಗೆ ಹಿಂದಕ್ಕೆ ಒಯ್ಯದೆ ಇರುವುದು ನ್ಯಾಯವಲ್ಲ. ಭೂಮಿಯನ್ನು ಅಗೆದು ಒಡೆದು ಜೀವಿಸುವುದನ್ನು ಶ್ರಾವಕಾಚಾರಗಳು ಸ್ಫೋಟಜೀವಿಕೆಯೆಂದು ಹೆಸರಿಟ್ಟು ವರ್ಜ್ಯ ವೃತ್ತಿಗಳಲ್ಲಿ ಸೇರಿಸಿವೆ. ದೇಶವ್ರತವನ್ನು ಹಿಡಿದವನು ತಾನು ಹೋಗದೆ ಮಿತಿಯಾಚೆಯಿಂದ ವಸ್ತುವನ್ನು ತರಿಸುವುದನ್ನು ತತ್ತ್ವಾರ್ಥಸೂತ್ರವು ಆನಯನವೆಂಬ ಅತಿಚಾರವೆಂದು ಎಣಿಸುತ್ತದೆ. ಆದರೂ ಬಸದಿಗೆ ಕಲ್ಲು ಬೇಕು. ಇದು ಪೂರ್ವಕಾಲದಿಂದಲೂ ಇರುವ ಇಕ್ಕಟ್ಟು. ಜಾಣ್ಮೆಯ ಮಾತಿನಿಂದ ತೀರುವಂಥದಲ್ಲ. ತೀರದಿದ್ದರೂ ತಗ್ಗಿಸಲು ಬರುತ್ತದೆ. ಯಂತ್ರದಿಂದ ಗ್ರಾನೈಟನ್ನು ಒಣದಾಗಿ ಕೊಯ್ದಾಗ ಏಳುವ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಅವು ಶ್ವಾಸಕೋಶವನ್ನು ಹೊಕ್ಕು ಸಿಲಿಕೋಸಿಸ್ ಎಂಬ ರೋಗವನ್ನು ತರುತ್ತವೆ. ಅದನ್ನು ಗುಣಪಡಿಸುವ ಔಷಧವಿಲ್ಲ. ನೀರು ಹಾಯಿಸಿ ಕೊಯ್ದರೆ ಧೂಳು ಬಹುಮಟ್ಟಿಗೆ ಅಡಗುತ್ತದೆ. ಶಿಲ್ಪಿಯ ಉಸಿರನ್ನು ಕಾಯಲು ಬೇಕಾಗುವುದು ಮುಖ್ಯವಾಗಿ ಒಂದು ನೀರಿನ ಕೊಳವೆ, ಅದನ್ನು ಇಡಲೇಬೇಕೆಂಬ ಒಂದು ಷರತ್ತು. ಕಲ್ಲಿನ ಬಣ್ಣ, ನಯ, ಅಳತೆಗಳನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಬರೆಯುವ ಕರಾರುಗಳಲ್ಲಿ ಆ ಷರತ್ತು ಕಾಣುವುದು ಅಪೂರ್ವ.

ಕೊನೆಗೆ ಕಾಲದ ವಿಚಾರ. ಈ ತಾಲ್ಲೂಕುಗಳಿಂದ ಹೊರಟ ಕಲ್ಲಿಗೆ ಎರಡು ದಾರಿ. ಮಂಗಳೂರಿಗೆ ಘಟ್ಟವನ್ನು ಇಳಿಯಬೇಕು. ಶಿರಾಡಿಯಲ್ಲಿ 2018ರಲ್ಲಿಯೂ 2024ರಲ್ಲಿಯೂ ಮಳೆಗಾಲದಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಬೆಂಗಳೂರಿನ ಮೇಲೆ ಚೆನ್ನೈಗೆ ಹೋಗುವ ದಾರಿ ಉದ್ದವಾದರೂ ಸಮತಟ್ಟು; ದಕ್ಷಿಣದ ಗ್ರಾನೈಟಿನ ದೊಡ್ಡ ಪಾಲು ಹಡಗು ಹತ್ತುವುದು ಅಲ್ಲಿಯೇ. ಹೊಳಲ್ಕೆರೆಗೆ ರೈಲಿದೆ, ಹೊಸದುರ್ಗ ರೋಡ್ ನಿಲ್ದಾಣ ಊರಿನಿಂದ ದೂರ. ಬಂದರನ್ನು ಬಿಟ್ಟ ಮೇಲೆ ಇನ್ನೊಂದು ಅನಿಶ್ಚಯ. 2021ರ ಮಾರ್ಚಿಯಲ್ಲಿ ಎವರ್ ಗಿವನ್ ಎಂಬ ಹಡಗು ಸೂಯೆಜ್ ಕಾಲುವೆಗೆ ಅಡ್ಡವಾಗಿ ಸಿಕ್ಕಿಕೊಂಡು ಆರು ದಿನ ಜಗತ್ತಿನ ವ್ಯಾಪಾರವನ್ನು ತಡೆಯಿತು. ಆ ಹಡಗಿನೊಳಗೆ ಸರಕು ಇಟ್ಟಿದ್ದವರು ತಮ್ಮ ಸರಕಿಗೆ ಯಾವ ಹಾನಿಯೂ ಆಗದಿದ್ದರೂ ಹಡಗನ್ನು ಬಿಡಿಸಿದ ವೆಚ್ಚದಲ್ಲಿ ಪಾಲು ಹೊರುವ ಭದ್ರತೆ ಕೊಡಬೇಕಾಯಿತು. ಸಮುದ್ರ ವ್ಯಾಪಾರದ ಅತಿ ಪ್ರಾಚೀನ ನ್ಯಾಯವದು. ವಿಮೆಯಿಲ್ಲದೆ ಬಿಂಬವನ್ನು ಕಳುಹಿಸುವವರು ಇದನ್ನು ತಿಳಿದಿರಬೇಕು. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳಾದಾಗ ಯುರೋಪಿಗೆ ಹೋಗುವ ಅನೇಕ ಹಡಗುಗಳು ಆಫ್ರಿಕದ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಹೋದುವು. ಹತ್ತು ಹದಿನಾಲ್ಕು ದಿನ ಹೆಚ್ಚಾಯಿತು.

ಪಂಚಕಲ್ಯಾಣದ ಮುಹೂರ್ತ ಹಡಗಿಗಾಗಿ ಕಾಯದು. ಹೀಗಾಗಿ ಅನುಭವವುಳ್ಳವರು ಇಡೀ ಆಲಯವನ್ನು ಕೆತ್ತನೆಯ ಅಂಗಳದಲ್ಲಿಯೇ ಒಮ್ಮೆ ಜೋಡಿಸಿ ನೋಡಿ, ಪ್ರತಿ ಕಲ್ಲಿಗೂ ಸಾಲು ಮತ್ತು ಸಂಖ್ಯೆಯನ್ನು ಕಾಣದ ಮೈಯ ಮೇಲೆ ಬರೆದು, ಬಿಚ್ಚಿ, ಅಧಿಷ್ಠಾನದ ಕಲ್ಲುಗಳನ್ನು ಮೊದಲ ಹಡಗಿಗೂ ಶಿಖರದವನ್ನು ಕೊನೆಯ ಹಡಗಿಗೂ ಹಂಚುತ್ತಾರೆ. ಬಿಂಬಕ್ಕೆ ಆರಿಸಿದ ಶಿಲೆಯ ಪಕ್ಕದಲ್ಲಿಯೇ, ಅದೇ ಪದರದಿಂದ, ಅದೇ ಅಳತೆಯ ಇನ್ನೊಂದು ಶಿಲೆಯನ್ನು ತೆಗೆಸಿ ಅಂಗಳದಲ್ಲಿ ಇರಿಸಿಕೊಳ್ಳುತ್ತಾರೆ. ಒಂದೇ ಗಣಿಯಲ್ಲಿಯೂ ಹತ್ತು ಅಡಿ ಸರಿದರೆ ಕಲ್ಲಿನ ಬಣ್ಣ ಬದಲಾಗುತ್ತದೆ. ಕಳುಹಿಸಿದ ಬಿಂಬವು ಕ್ಷೇಮವಾಗಿ ತಲಪಿತೆಂದು ಆಚೆಯ ದಡದಿಂದ ವಾರ್ತೆ ಬರುವವರೆಗೆ ಆ ಎರಡನೆಯ ಶಿಲೆಗೆ ಯಾರೂ ಉಳಿ ತಾಗಿಸುವುದಿಲ್ಲ.